ಅಂಗೈಯಗಲದ ಹಳೆ ಗಾರೆ

ಮೇಸ್ತ್ರಿ ತೀರಿಕೊಂಡು ಎರಡು ತಿಂಗಳಾಯಿತು. ಮೊನ್ನೆ ಯಲಹಂಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಅವರ ಮಾತು ಬಂದಾಗ ಗಲ್ಲಾದಲ್ಲಿ ಕೂತಿದ್ದವನು, "ಯಾರು, ಆ ಮರ್ಡರ್ ಕೇಸಿನ ಮೇಸ್ತ್ರೀನಾ?" ಅಂದ. ನಾನು ಸಾಮಾನು ಕೊಳ್ಳದೆ ಎದ್ದು ಬಂದೆ. ನಲವತ್ತು ವರ್ಷ ಗೋಡೆ ಕಟ್ಟಿದ ಮನುಷ್ಯನನ್ನು ಊರು ನೆನಪಿಟ್ಟುಕೊಂಡಿರುವುದು ಹೀಗೆ. ಅವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಾನು ಓದಿದ್ದು ಆರನೇ ಕ್ಲಾಸು. ಅದಕ್ಕೆ ನನಗೆ ನಾಚಿಕೆಯೇನಿಲ್ಲ. ಪುಟ್ಟೇನಹಳ್ಳಿಯಿಂದ ಸಹಕಾರನಗರದವರೆಗೆ ನಾನು ಗಾರೆ ಹಚ್ಚಿದ ಮನೆಗಳು ನಿಂತಿವೆ, ಯಾರು ಬೇಕಾದರೂ ಗುದ್ದಿ ನೋಡಲಿ. ಆ ಕೆಲಸ ಕಲಿಸಿದವರ ಬಗ್ಗೆ ನಾಲ್ಕು ಮಾತು ನಾನಲ್ಲದೆ ಇನ್ನು ಯಾರು ಬರೆಯಬೇಕು?

ಅವರನ್ನು ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ. ಮೇಸ್ತ್ರಿ ಅಂದರೆ ಅವರೇ. ಗಿಡ್ಡ ಆಳು. ಸಿಮೆಂಟು ಬಾಂಡ್ಲಿ ಹೊತ್ತು ಹೊತ್ತು ಎಡಭುಜ ಒಂದು ಬೆರಳು ಇಳಿದಿತ್ತು. ಆದರೆ ಗೋಡೆ ಒಂದು ಕೂದಲೆಳೆ ಓರೆಯಾದರೂ ಆ ಇಳಿದ ಭುಜ ಗೋಡೆಗೆ ಆನಿಸಿಯೇ ಕಂಡುಹಿಡಿಯುತ್ತಿದ್ದರು. ಗಾರೆ ಹಚ್ಚಿ ಮುಗಿಸಿದ ಮೇಲೆ ಬಲ್ಬು ಹಿಡಿದು ಗೋಡೆಗೆ ಒರಗಿಸಿ, ಕೆನ್ನೆ ಗೋಡೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುವರು. ಎಲ್ಲಾದರೂ ನೆರಳು ಬಿದ್ದರೆ ಅವತ್ತು ನಮಗೆ ಊಟ ತಡ.

ಸಹಕಾರನಗರದಲ್ಲಿ ಒಂದು ಮನೆ. ಪ್ಲಂಬರು ಪೈಪಿಗಾಗಿ ಒಡೆದ ಗೋಡೆಯನ್ನು ಮೇಸ್ತ್ರಿ ಮುಚ್ಚಿದ್ದರು, ಬಣ್ಣವೂ ಆಗಿತ್ತು. ಮನೆಯ ಯಜಮಾನ ಊರಿಂದ ಬಂದವನು ನೋಡಿ, "ಎಲ್ಲಿ ಕೆಲಸ ಮಾಡಿದೀರಿ, ತೋರಿಸಿ" ಅಂದ. ಮೇಸ್ತ್ರಿ ಗೋಡೆಯ ಮುಂದೆ ಅತ್ತಿಂದಿತ್ತ ಎರಡು ಸಲ ಓಡಾಡಿದರು. ಅವರಿಗೂ ಸಿಗಲಿಲ್ಲ.

"ಇಲ್ಲೇ ಎಲ್ಲೋ ಐತೆ ಸಾಮಿ. ನೀರು ಬರ್ತೈತಲ್ಲ ನಲ್ಲೀಲಿ? ಅಂಗಾದ್ರೆ ಪೈಪು ಒಳಗೈತೆ. ಪೈಪು ಒಳಗಿದ್ರೆ ಗೋಡೆ ಒಡ್ದಿದ್ರು ತಾನೇ?" ಅಂದರು. ಯಜಮಾನನ ಹೆಂಡತಿ ನಕ್ಕು ಕಾಫಿ ಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಮೇಸ್ತ್ರಿ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಅವರ ಒಂದೇ ಹಟ ಏನೆಂದರೆ ಸಡಿಲ ಗಾರೆಯ ಮೇಲೆ ಹೊಸ ಗಾರೆ ಹಚ್ಚಬಾರದು. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಟೊಳ್ಳು ಕೇಳಿದಲ್ಲೆಲ್ಲ ಉಳಿ ಇಟ್ಟು, ಗಟ್ಟಿ ಇಟ್ಟಿಗೆ ಸಿಗುವವರೆಗೆ ಕೆರೆದು, ನೀರು ಕುಡಿಸಿ, ಆಮೇಲೆ ಹಚ್ಚಬೇಕು. ನಾನು ಅವರ ಹತ್ತಿರ ಸೇರಿದ ಮೊದಲ ವರ್ಷ, ಬೇರೆ ಕಡೆ ನಾಲ್ಕು ವರ್ಷ ದುಡಿದ ಧಿಮಾಕಿನಲ್ಲಿ, ಒಂದು ಮೂಲೆಯನ್ನು ಹಾಗೇ ಮುಚ್ಚಿಬಿಟ್ಟಿದ್ದೆ. ಮೇಸ್ತ್ರಿ ಬಂದರು, ತಟ್ಟಿದರು, ಇಡೀ ಗೋಡೆ ಕೀಳಿಸಿದರು. ನಾನು ಸಿಟ್ಟಿನಿಂದ ಕರಣೆ ಎಸೆದು ಹೋದವನು ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಹೋಗಿ ನಿಂತೆ. "ಬಂದ್ಯಾ? ಗೋಡೆಗೆ ನೀರಾಕು" ಅಂದರು. ಅಷ್ಟೇ. ಅವತ್ತಿನಿಂದ ಹದಿನೆಂಟು ವರ್ಷ ಅವರ ಜೊತೆಯಲ್ಲೇ ಇದ್ದೆ.

ಅವರಿಗೆ ಒಬ್ಬಳೇ ತಂಗಿ, ಹತ್ತು ವರ್ಷ ಚಿಕ್ಕವಳು. ತಾಯಿ ಬೇಗ ಹೋದ್ದರಿಂದ ಆಕೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಇವರೇ. ತಂಗಿಯನ್ನು ಮಾಕಳಿಗೆ ಕೊಟ್ಟಿದ್ದರು. ಆಕೆಯ ಗಂಡ ಸತ್ತ ಮೇಲೆ ಅಲ್ಲಿ ಮಹಡಿ ಮನೆ ಕಟ್ಟಿಕೊಟ್ಟವರೂ ಇವರೇ. ಪ್ರತಿ ಭಾನುವಾರ ನಾವಿಬ್ಬರೂ ಹೋಗಿ ಕಟ್ಟಿದ ಮನೆ ಅದು. ಮೇಸ್ತ್ರಿಗೆ ಒಬ್ಬ ಮಗ, ಒಬ್ಬಳು ಮಗಳು. ಆ ತಂಗಿಯ ಮಗನಿಗೇ ಮಗಳನ್ನು ಕೊಟ್ಟರು. ನಮ್ಮಲ್ಲಿ ಸೋದರಳಿಯನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. "ಎಲ್ಲಿಗೂ ಓಗ್ತಿಲ್ಲ ಕಣೋ ಮಗಳು. ನಾನು ಕಟ್ಟಿದ ಮನೇಗೇ ಓಗ್ತಾವ್ಳೆ" ಅನ್ನುತ್ತಿದ್ದರು. ಮದುವೆಯಾಗಿ ಎಂಟು ವರ್ಷವಾದರೂ ಆ ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಅಳಿಯ ಕುಡಿದಾಗೆಲ್ಲ ಅದೇ ಜಗಳಕ್ಕೆ ನೆಪ. ನಮಗೆ ಗೊತ್ತಿದ್ದದ್ದು ಇಷ್ಟೇ.

ಒಂದು ಬೆಳಿಗ್ಗೆ ಕೆಲಸದ ಜಾಗಕ್ಕೆ ಫೋನು ಬಂತು. ಮಗಳು ಮಹಡಿ ಮೆಟ್ಟಿಲಿಂದ ಜಾರಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೋಗಿಬಿಟ್ಟಳು ಅಂತ. ಪೊಲೀಸರು ಬಂದು ಮೆಟ್ಟಿಲು ನೋಡಿ ಬರೆದುಕೊಂಡು ಹೋದರು. ಪೋಸ್ಟ್‌ಮಾರ್ಟಂ ಮುಗಿಸಿ ಮಾಕಳಿಯಲ್ಲೇ ಮಣ್ಣು ಮಾಡಿದೆವು.

ಮೂರನೇ ದಿನ, ಮಣ್ಣಿನ ಮೇಲೆ ಹಾಲು ತುಪ್ಪ ಬಿಡುವ ಕಾರ್ಯ. ನೆಂಟರೆಲ್ಲ ಬರುವ ಮುಂಚೆ ತಂಗಿ ಅಣ್ಣನನ್ನು ಮಹಡಿ ಕೋಣೆಗೆ ಕರೆದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಎದೆಯೆತ್ತರಕ್ಕೆ ಗಾರೆ ಒಡೆದು ಒಳಕ್ಕೆ ಕೂತಿತ್ತು. ಮಂಚ ಸರಿಸುವಾಗ ತಗುಲಿದ್ದು ಅಂತ ಆಕೆಯ ಮಗ ಹೇಳಿದ್ದನಂತೆ. "ಬಂದೋರೆಲ್ಲ ಇದನ್ನೇ ನೋಡ್ತಾರೆ ಅಣ್ಣ. ಸೂತಕದ ಮನೆ, ಅದರ ಮೇಲೆ ಒಡಕು ಗೋಡೆ. ಮುಚ್ಚಿಬಿಡು" ಅಂದಳು. ಮಗಳು ಸತ್ತ ಮೂರನೇ ದಿನ ಯಾವ ಅಪ್ಪ ಕರಣೆ ಹಿಡಿಯುತ್ತಾನೆ ಅಂತ ನೀವು ಕೇಳಬಹುದು. ಕೂತರೆ ಕೂರಲಾಗದ, ನಿಂತರೆ ನಿಲ್ಲಲಾಗದ ಮನುಷ್ಯನಿಗೆ ಕೈಗೊಂದು ಕೆಲಸ ಸಿಕ್ಕಿತ್ತು. ನಾನು ಕೆಳಗೆ ಗಾರೆ ಕಲಸಿದೆ. ಅವರು ಮೇಲೆ ಕೆರೆದರು. ತಂಗಿ ಚೊಂಬಿನಲ್ಲಿ ನೀರು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಾನು ಬಾಂಡ್ಲಿ ತಂದಿಟ್ಟಾಗ ಮೇಸ್ತ್ರಿ ಗೋಡೆಗೆ ಅಡ್ಡ ನಿಂತು, "ಇಟ್ಟು ಓಗು" ಅಂದರು. ಹೋದೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಳಿಯ, "ಆ ಮನೇಲಿ ಇರೋಕಾಗ್ತಿಲ್ಲ ಅತ್ತೆ" ಅಂತ ಪುಟ್ಟೇನಹಳ್ಳಿಯಲ್ಲಿದ್ದ ಮೇಸ್ತ್ರಿಯ ಮನೆಗೆ ಬಂದು ಇದ್ದುಬಿಟ್ಟ. ಮೇಸ್ತ್ರಿಯ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅಕ್ಕ ತಮ್ಮ ದುಃಖ ಬದಿಗಿಟ್ಟು ಅವನನ್ನು ನೋಡಿಕೊಂಡರು. ಮಗಳ ಪಾಲಿನದನ್ನೂ ಅವನಿಗೇ ಬಡಿಸಿದರು. ಎರಡು ವಾರ ಹಾಗೆ. ಆಮೇಲೆ ಪೋಸ್ಟ್‌ಮಾರ್ಟಂ ರಿಪೋರ್ಟು ಬಂತು. ತಲೆಗೆ ಬಿದ್ದ ಏಟು ಒಂದಲ್ಲ, ಕುತ್ತಿಗೆಯ ಮೇಲೆ ಬೆರಳ ಗುರುತು. ಪೊಲೀಸರು ಬಂದಾಗ ಅವನು ತಟ್ಟೆಯ ಮುಂದೆ ಕೂತಿದ್ದ. "ಊಟ ಮುಗಿಸ್ಲಿ ಸಾರ್" ಅಂದವರು ಅಕ್ಕ.

ಅದೇ ಮಧ್ಯಾಹ್ನ ಮೇಸ್ತ್ರಿ ತಾವಾಗಿಯೇ ಠಾಣೆಗೆ ಹೋಗಿ, ಮಹಡಿ ಕೋಣೆಯಲ್ಲಿ ಒಂದು ಗೋಡೆ ಒಡೆದಿತ್ತು, ಅದನ್ನು ನಾನೇ ಮುಚ್ಚಿದೆ ಅಂತ ಹೇಳಿದರು. ಮಾರನೇ ದಿನ ಮಹಜರು. ಇನ್ಸ್‌ಪೆಕ್ಟರು, ಲ್ಯಾಬಿನವರು, ಇಬ್ಬರು ಪಂಚರು. ಅವತ್ತು ಗಾರೆ ಕಲಸಿದವನು ಅಂತ ನನ್ನನ್ನೂ ಕರೆದಿದ್ದರು. ಯಾರೋ ಸುತ್ತಿಗೆ ಎತ್ತಿದರು. "ನಾನು ಮುಚ್ಚಿದ್ದು ಸಾರ್, ನಾನೇ ತೆಗೀತೀನಿ" ಅಂದರು ಮೇಸ್ತ್ರಿ. ಉಳಿಯನ್ನು ಸುತ್ತಲೂ ಅಷ್ಟಷ್ಟೇ ಇಟ್ಟು, ಹೊಸ ಗಾರೆಯನ್ನು ಮುಚ್ಚಳ ತೆಗೆದ ಹಾಗೆ ತೆಗೆದರು. ಒಳಗೆ ಸುತ್ತಲೂ ಇಟ್ಟಿಗೆ ಕಾಣುವಂತೆ ಕೆರೆದಿತ್ತು. ನಡುವೆ ಮಾತ್ರ ಅಂಗೈಯಗಲ ಹಳೆ ಗಾರೆ, ಸಡಿಲವಾಗಿ, ಸೀಳು ಬಿಟ್ಟುಕೊಂಡು ಹಾಗೇ ಇತ್ತು. ಆ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಮೂರು ಉದ್ದ ಕೂದಲು.

ಎಲ್ಲರೂ ಕೂದಲು ನೋಡಿದರು. ನಾನು ಗಾರೆ ನೋಡಿದೆ. ಅಂಗೈಯಗಲ ಸಡಿಲ ಗಾರೆಯನ್ನು ಮೇಸ್ತ್ರಿ ಕಾಣದೆ ಬಿಡುವವರಲ್ಲ. ಅವತ್ತೇ ಕೂದಲು ಕಂಡಿದ್ದಾರೆ. ಕಂಡು, ಅಷ್ಟು ಜಾಗ ಬಿಟ್ಟು ಸುತ್ತ ಕೆರೆದು, ಮೇಲೆ ಮುಚ್ಚಿದ್ದಾರೆ. ಅವರು ನನ್ನ ಕಡೆ ತಿರುಗಿದರು. ನಾನು ಕೆಳಗೆ ಬಿದ್ದ ಗಾರೆ ಚೂರು ನೋಡುತ್ತಾ ನಿಂತೆ.

ಕೇಸು ನಾಲ್ಕು ವರ್ಷ ನಡೆಯಿತು. ಕೋರ್ಟು ಅಂದರೆ ಏನೇನೋ ಅಂದುಕೊಂಡಿದ್ದೆ. ಅದು ಹೆಚ್ಚಿನಂಶ ಕಾಯುವ ಕೆಲಸ. ಬೆಳಿಗ್ಗೆ ನನ್ನ ಗಾಡಿಯ ಹಿಂದೆ ಮೇಸ್ತ್ರಿ, ಹೆಬ್ಬಾಳದ ಫ್ಲೈಓವರಿನ ಮೇಲೆ ಮುಕ್ಕಾಲು ಗಂಟೆ, ಓಡಿ ಒಳಗೆ ಹೋದರೆ ಮುಂದಿನ ತಿಂಗಳ ಡೇಟು. ಅಕ್ಕ ಬಸ್ಸಿನಲ್ಲಿ ಬರುವರು. ಒಂದು ಡೇಟನ್ನೂ ತಪ್ಪಿಸಲಿಲ್ಲ. ಮಗಳ ಫೋಟೋ ಸೆರಗಿನಲ್ಲಿ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂರುವರು. ಎದುರು ಬೆಂಚಿನಲ್ಲಿ ತಂಗಿ, ಮಗನಿಗೆ ಊಟದ ಡಬ್ಬಿ ಹಿಡಿದು. ಮೊದಲೆರಡು ವರ್ಷ ನಾದಿನಿ ಅತ್ತಿಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ದಿನ ಬಿಸಿಲಿಗೆ ತಂಗಿ ಬವಳಿ ಬಂದು ವಾಲಿದಾಗ ಅಕ್ಕ ಎದ್ದು ಹೋಗಿ ನೀರಿನ ಬಾಟಲಿ ಕೊಟ್ಟು ಬಂದು ಮತ್ತೆ ಅದೇ ತುದಿಯಲ್ಲಿ ಕೂತರು.

ಮೇಸ್ತ್ರಿ ಕೂರುತ್ತಲೇ ಇರಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುವರು. "ಲೇ, ಇಲ್ಲಿ ನೋಡು, ಮೂಲೆ ಮಟ್ಟಕ್ಕಿಲ್ಲ. ಯಾವನೋ ಸಂಜೆ ಅವಸರದಾಗೆ ಹಚ್ಚವ್ನೆ" ಅನ್ನುವರು. ಗೋಡೆ ತಟ್ಟುವುದನ್ನು ನೋಡಿ ಒಬ್ಬ ಪೇದೆ, "ಏನ್ ತಾತ, ಕೋರ್ಟ್ ಕೊಂಡ್ಕೊಳ್ತೀಯಾ?" ಅಂತ ಕೇಳಿದ. "ಸುಮ್ನೆ ಕೊಟ್ರೂ ಬ್ಯಾಡ ಕಣಪ್ಪ, ಗೋಡೆ ಟೊಳ್ಳೈತೆ" ಅಂದರು.

ಮೇಸ್ತ್ರಿಯ ಹೇಳಿಕೆ ಮುಗಿದಿತ್ತು. ಆರೋಪಿ ಕಡೆ ವಕೀಲರು ಅವರನ್ನು ಪ್ರಶ್ನೆ ಮಾಡುವ ಪಾಟೀಸವಾಲು ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ಸರದಿ ಬಂತು. ಆ ವಕೀಲರು ಮೆತ್ತಗೆ ಮಾತಾಡುವವರು. "ನಿಮ್ಮ ಮೇಸ್ತ್ರಿ ಒಳ್ಳೆ ಕೆಲಸಗಾರರೋ?" ಅಂತ ಕೇಳಿದರು.

"ಯಲಹಂಕದಲ್ಲೇ ಅವರ ಸಮ ಇಲ್ಲ" ಅಂದೆ.

"ಸಡಿಲ ಗಾರೆ ಇದ್ದರೆ ಹಾಗೇ ಬಿಟ್ಟು ಮುಚ್ಚುತ್ತಾರೋ?"

"ಅವರು ಯಾವತ್ತೂ ಬಿಡೋದಿಲ್ಲ ಸಾರ್. ನಮ್ಮ ಕೈಲೂ ಬಿಡಿಸಿಲ್ಲ." ಎದೆಯುಬ್ಬಿಸಿಯೇ ಹೇಳಿದೆ.

"ಸರಿ. ಹಾಗಾದರೆ ಈ ಗೋಡೆಯಲ್ಲಿ ಸಡಿಲ ಗಾರೆಯನ್ನು ಅವರು ಬೇಕೆಂದೇ ಇಟ್ಟಿದ್ದಾರೆ, ಅದರಲ್ಲಿ ಕೂದಲನ್ನೂ ಅವರೇ ಸಿಕ್ಕಿಸಿ ಮುಚ್ಚಿದ್ದಾರೆ ಅಂದರೆ?"

"ನಾನು ಕೆಳಗಿದ್ದೆ, ನೋಡಿಲ್ಲ" ಅಂದೆ. ಕೇಳಿದ್ದಕ್ಕೆ ಉತ್ತರ ಅದು. ಗೊತ್ತಿದ್ದದ್ದು ಅದಲ್ಲ.

ಹೊರಗೆ ಬಂದ ಮೇಲೆ ಸರ್ಕಾರಿ ವಕೀಲರು ತಲೆ ಮೇಲೆ ಕೈಯಿಟ್ಟುಕೊಂಡು ಹೇಳಿದರು. ಹೊಡೆದದ್ದು ಕೋಣೆಯಲ್ಲಿ ಅನ್ನುವುದಕ್ಕೆ ನಮಗಿರುವುದು ಆ ಕೂದಲು ಒಂದೇ. ಅದನ್ನು ಅಪ್ಪನೇ ಇಟ್ಟ ಅಂತ ಸಂಶಯ ಬಂದರೆ ಅಳಿಯ ಮನೆಗೆ ಹೋಗುತ್ತಾನೆ. ಮೇಸ್ತ್ರಿ ಇನ್ನು ಪಾಟೀಸವಾಲಿನಲ್ಲಿ ಏನು ಹೇಳುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ.

ಗಾಡಿಯಲ್ಲಿ ಬರುವಾಗ ನಾನು ಹೇಳಿದ್ದನ್ನೆಲ್ಲ ಮೇಸ್ತ್ರಿಗೆ ಒಪ್ಪಿಸಿದೆ. ಮೇಖ್ರಿ ಸರ್ಕಲ್ ದಾಟಿದ ಮೇಲೆ, "ಸರಿಯಾಗೇ ಏಳಿದೀಯ" ಅಂದರು. ಆಮೇಲೆ, "ನಿಮ್ಮಕ್ಕಂಗೆ ಗೊತ್ತಿಲ್ಲ ಕಣೋ" ಅಂದರು. ಏನು ಅಂತ ನಾನು ಕೇಳಲಿಲ್ಲ. ಕಾಣಲಿಲ್ಲ ಅಂದರೆ ಮಗಳ ಕೇಸು ಬೀಳುತ್ತದೆ. ಕಂಡೆ ಅಂದರೆ, ಕಂಡೂ ಮುಚ್ಚಿದ ಗಂಡ ಅಂತ ಹೆಂಡತಿಗೆ ತಿಳಿಯುತ್ತದೆ. ಆ ತಿಂಗಳೆಲ್ಲ ಅವರು ಸರಿಯಾಗಿ ಒಂದು ಗೋಡೆ ಮುಗಿಸಲಿಲ್ಲ. ಹಚ್ಚುವುದು, ಕೀಳುವುದು, ಮತ್ತೆ ಹಚ್ಚುವುದು.

ಡೇಟಿನ ದಿನ ಕಾರಿಡಾರಿನಲ್ಲಿ ತಂಗಿ ದಾರಿಗೆ ಅಡ್ಡ ನಿಂತಳು. "ಅಣ್ಣ, ಸುಳ್ಳೇನೂ ಏಳ್ಬೇಡ. ಕಾಣ್ಲಿಲ್ಲ ಅನ್ನು, ಸಾಕು. ವಯಸ್ಸಾಯ್ತು, ಕಣ್ಣು ಮಂಜು ಅನ್ನು. ಒಬ್ಳು ಓದ್ಲು, ಇನ್ನೊಬ್ಬನ್ನೂ ಕಳ್ಕೊಬೇಕಾ ನಾವು?"

ಮೇಸ್ತ್ರಿ ಆಕೆಯ ತಲೆ ಮೇಲೆ ಕೈಯಿಟ್ಟರು. ಒಳಗೆ ಹೋದರು.

ಸಾಕ್ಷಿ ಹೇಳಿ ಮುಗಿಸಿದ್ದರಿಂದ ನಾನು, ಅಕ್ಕ ಒಳಗೇ ಕೂತಿದ್ದೆವು. ಮೇಸ್ತ್ರಿ ಕುತ್ತಿಗೆವರೆಗೂ ಗುಂಡಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು. ವಕೀಲರು ಸುತ್ತಿ ಬಳಸಿ ಅಲ್ಲಿಗೇ ಬಂದರು. "ಆ ಕೂದಲನ್ನು ಇಟ್ಟವರು ನೀವೇ ಅಲ್ಲವೇ?"

"ಅಲ್ಲ ಸಾಮಿ."

"ಹಾಗಾದರೆ ನಿಮ್ಮಂಥ ಕೆಲಸಗಾರರು ಅಷ್ಟು ಸಡಿಲ ಗಾರೆಯನ್ನು ಕಾಣದೆ ಬಿಟ್ಟಿರಾ?"

"ಕಾಣದೆ ಬಿಡ್ಲಿಲ್ಲ. ಕಂಡೇ ಬಿಟ್ಟೆ." ಕಟಕಟೆಯ ಮರವನ್ನು ಬೆರಳಿನಿಂದ ಉಜ್ಜುತ್ತಿದ್ದರು. "ಕೆರೆಯೋವಾಗ್ಲೇ ಕೂದ್ಲು ಕಾಣಿಸ್ತು. ನನ್ ಮಗಳ್ದು ಅಂತ ಗೊತ್ತಾಯ್ತು. ಎದೆಯೆತ್ತರಕ್ಕೈತೆ, ಮೆಟ್ಲಿಂದ ಬಿದ್ದೋಳ ಕೂದ್ಲು ಇಲ್ಲಿಗೆ ಬರಲ್ಲ ಅನ್ನೋದೂ ಗೊತ್ತಾಯ್ತು. ಅದನ್ನ ಕೀಳೋಕೆ ಕೈ ಬರ್ಲಿಲ್ಲ. ಅದಕ್ಕೇ ಸುತ್ತ ಕೆರೆದು ಮುಚ್ದೆ."

"ಗೊತ್ತಾಗಿಯೂ ಯಾಕೆ ಮುಚ್ಚಿದಿರಿ?"

"ತಂಗಿ ಪಕ್ಕದಾಗೆ ನೀರಿಟ್ಕೊಂಡು ನಿಂತಿದ್ಲು. ಕೈ ನಿಲ್ಲಿಸಿದ್ರೆ ಯಾಕಣ್ಣ ಅಂತಿದ್ಲು. ಏಳ್ಬೇಕಾಗ್ತಿತ್ತು."

ನ್ಯಾಯಾಧೀಶರು, "ಇದನ್ನು ಮೊದಲು ಯಾರಿಗಾದರೂ ಹೇಳಿದ್ದೀರಾ?" ಅಂತ ಕೇಳಿದರು. "ಇಲ್ಲ ಸಾಮಿ. ನನ್ನೆಂಡ್ತಿಗೂ ಏಳಿಲ್ಲ. ಇವತ್ತೇ ಕೇಳ್ತಾವ್ಳೆ" ಅಂದರು.

ಹೊರಗೆ ಮರದ ಕೆಳಗೆ ಅಕ್ಕ ನಿಂತಿದ್ದರು. ಮೇಸ್ತ್ರಿ ಎರಡು ಮಾರು ದೂರದಲ್ಲೇ ನಿಂತರು. ಅಕ್ಕ ಅಳಲಿಲ್ಲ, ದನಿ ಏರಿಸಲೂ ಇಲ್ಲ.

"ಎರಡು ವಾರ ಅವನಿಗೆ ಬಡಿಸ್ದೆ ನಾನು. ಇನ್ನೊಂಚೂರು ಹಾಕ್ಕೊಳಪ್ಪ ಅಂತ ಬಲವಂತ ಮಾಡ್ದೆ. ನೀವು ಪಕ್ಕದಲ್ಲೇ ಕೂತಿದ್ರಿ."

"ಹೂಂ" ಅಂದರು ಮೇಸ್ತ್ರಿ.

"ಅಷ್ಟು ದಿನ ಹೆಂಗೆ ಉಂಡ್ರಿ?"

ಅಕ್ಕ ಬಸ್‌ಸ್ಟಾಪಿನ ಕಡೆ ನಡೆದರು.

ಅಳಿಯನಿಗೆ ಜೀವಾವಧಿ ಶಿಕ್ಷೆ ಆಯಿತು. ತನ್ನ ಮಾನಕ್ಕೇ ಕುಂದು ತರುವ ಮಾತನ್ನು ಈ ಸಾಕ್ಷಿ ಸುಮ್ಮನೆ ಹೇಳಬೇಕಾಗಿರಲಿಲ್ಲ, ಆದ್ದರಿಂದಲೇ ಅದನ್ನು ನಂಬಬಹುದು ಅಂತ ತೀರ್ಪಿನಲ್ಲಿ ಬರೆದಿದೆಯೆಂದು ಸರ್ಕಾರಿ ವಕೀಲರು ಓದಿ ಹೇಳಿದರು. ಮೇಸ್ತ್ರಿ ಕೇಳಿಸಿಕೊಂಡರೋ ಇಲ್ಲವೋ. ತಂಗಿ ಹತ್ತಿರ ಬಂದು, "ಈಗ ಸಮಾಧಾನ ಆಯ್ತಾ ಅಣ್ಣ?" ಅಂದಳು. "ಇಲ್ಲ ಕಣವ್ವ" ಅಂದರು. ಅದು ಅವರಿಬ್ಬರ ನಡುವಿನ ಕೊನೆಯ ಮಾತು.

ಆಮೇಲೆ ಒಂದೂವರೆ ವರ್ಷ ಬದುಕಿದ್ದರು. ಮನೆಯಲ್ಲಿ ಮಗ, ಸೊಸೆ ಇದ್ದರು. ಅಕ್ಕ ಅಡುಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಜ್ವರ ಬಂದರೆ ಮಾತ್ರೆ ತೆಗೆದಿಡುತ್ತಿದ್ದರು. ಬಡಿಸುವುದನ್ನು ಮಾತ್ರ ಬಿಟ್ಟರು. ಸೊಸೆ ತಟ್ಟೆ ಇಡಲು ಬಂದರೆ ಮೇಸ್ತ್ರಿಯೇ ಬೇಡ ಅಂದು, ತಾವೇ ಎದ್ದು ಪಾತ್ರೆಯಿಂದ ಹಾಕಿಕೊಳ್ಳುವರು. ಬರಬರುತ್ತಾ ಮನೆಯಲ್ಲಿ ಉಣ್ಣುವುದೇ ಕಮ್ಮಿಯಾಯಿತು. ಕೆಲಸದ ಜಾಗದಲ್ಲಿ ನನ್ನ ಜೊತೆ ಕೂರುವರು. ಕೆಲಸವೂ ಮೊದಲಿನಂತಿರಲಿಲ್ಲ. ಗಟ್ಟಿಯಾಗಿರುವ ಗೋಡೆ ತಟ್ಟಿ, "ಟೊಳ್ಳು ಕೇಳ್ತೈತಾ?" ಅನ್ನುವರು. "ಇಲ್ಲ ಮೇಸ್ತ್ರಿ" ಅಂದರೂ ಉಳಿ ಇಟ್ಟುಬಿಡುವರು. ಮನೆಯವರು ರೇಗಿದರೆ, ಅವರನ್ನು ನೆರಳಲ್ಲಿ ಕೂರಿಸಿ ನಾನೇ ಮತ್ತೆ ಹಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ನಡುವೆ ಕೇಳಿದರು. "ಮಹಜರಿನ ದಿನಾನೇ ನಿಂಗೆ ಗೊತ್ತಾಗಿತ್ತಲ್ವಾ?"

"ಗೊತ್ತಾಗಿತ್ತು."

"ಯಾಕ್ ಕೇಳ್ಲಿಲ್ಲ?"

"ನೀವು ಮೇಸ್ತ್ರಿ. ನಾನ್ ಹೆಂಗ್ ಕೇಳ್ಲಿ?"

"ಕೇಳ್ಬೇಕಿತ್ತು ಕಣೋ" ಅಂದರು. ಬೈಗುಳವಲ್ಲ ಅದು. ಬೈದಿದ್ದರೆ ಮರೆಯುತ್ತಿದ್ದೆ. ಮಹಜರಿನ ದಿನವೇ ಕೇಳಿದ್ದರೆ ಅವರು ಅವತ್ತೇ ಹೆಂಡತಿಗೆ ಹೇಳುತ್ತಿದ್ದರೇನೋ. ಕೋರ್ಟಿನಲ್ಲಿ ಹತ್ತು ಜನರ ಮುಂದೆ ಅಕ್ಕ ಅದನ್ನು ಕೇಳುವುದು ತಪ್ಪುತ್ತಿತ್ತೇನೋ. ಗೋಡೆಯ ಮುಂದೆ ಒಬ್ಬನೇ ನಿಂತಾಗ ಈಗಲೂ ಆ ಮಾತು ತಲೆಯಲ್ಲಿ ಸುತ್ತುತ್ತದೆ.

ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಎದೆಬಡಿತ ನಿಂತಿತ್ತು. ಮಾಕಳಿಗೂ ಸುದ್ದಿ ಹೋಯಿತು. ಯಾರೂ ಬರಲಿಲ್ಲ.

ಹನ್ನೊಂದನೇ ದಿನ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸುವ ಪದ್ಧತಿ. ಫೋಟೋ ಮುಂದೆ ಎಲೆ ಹಾಸಿಯಾಗಿತ್ತು. ಮನೆಯ ವಿಷಯ ಗೊತ್ತಿದ್ದ ಹಿರಿಯರು ಅಕ್ಕನ ಕಡೆ ನೋಡದೆ, "ಸೊಸೆ ಬಡಿಸ್ಲಿ ಬಿಡಿ" ಅಂದರು. ಹುಡುಗಿ ಪಾತ್ರೆ ಹಿಡಿದು ಬಂದಳು. ಅಕ್ಕ ಒಳಗಿನಿಂದ ಬಂದು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡರು. ಬಗ್ಗಿ ಕೂತು ಎರಡು ಮುದ್ದೆ ಇಟ್ಟರು. ಮಾಂಸದ ಸಾರು ಬಿಟ್ಟರು. ಅನ್ನ, ಹಪ್ಪಳ, ಬಾಳೆಹಣ್ಣು. ಆಮೇಲೆ ಕೈ ನಿಂತಿತು. ನೆಂಟರ ನಡುವೆ ನನ್ನನ್ನು ಹುಡುಕಿ ಕೇಳಿದರು.

"ಇತ್ತೀಚೆಗೆ ಎಷ್ಟು ಮುದ್ದೆ ಉಣ್ತಿದ್ರಪ್ಪ ಅವ್ರು? ನಂಗೆ ಗೊತ್ತಿಲ್ಲ."

"ಒಂದೇ ಅಕ್ಕ" ಅಂದೆ. "ಅದೂ ಪೂರ್ತಿ ಉಣ್ತಿರ್ಲಿಲ್ಲ."

ಅಕ್ಕ ಒಂದು ಮುದ್ದೆಯ ಕಡೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

"ಎರಡೂ ಇರ್ಲಿ" ಅಂದು, ಮೇಲೆ ಇನ್ನೊಂದು ಸೌಟು ಸಾರು ಬಿಟ್ಟರು.